ಕೆಂಪು ಅಂಗಿಯ ಹುಡುಗ



ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಒಂದು ಸಂಜೆ ಪೇಪರಿನ ಒಂದು ತುಂಡು ತಂದರು. ಅದರಲ್ಲಿ ಕೆಂಪು ಅಂಗಿ ತೊಟ್ಟ ಒಬ್ಬ ಹುಡುಗನ ಚಿತ್ರ ಇತ್ತು.

"ನನ್ನ ಮಗ ಇದನ್ನ ದೇವರ ಪಟದ ಪಕ್ಕ ಅಂಟಿಸಿದ್ದ. ಮೊನ್ನೆ ತಾನೇ ಕಿತ್ತು ಬಿಸಾಕಿದ. ಯಾಕೋ ಅಂದರೆ, ಇವನು ಈಗ ಸರಿಯಾಗಿ ಆಡಲ್ಲ ಅಮ್ಮಾ ಅಂತಾನೆ. ಯಾರಿವನು? ದೇವರ ಪಕ್ಕ ಯಾಕೆ ಕೂತ? ಕಸಕ್ಕೆ ಯಾಕೆ ಹೋದ?" ಅಂತ ಕೇಳಿದರು.

ಚಿತ್ರದ ಕೆಳಗಿನ ಹೆಸರನ್ನು ಅವರೇ ಅಕ್ಷರ ಕೂಡಿಸಿ ಓದಿದ್ದರು. ಮಾರ್ಕಸ್ ರಾಶ್‌ಫೋರ್ಡ್. ಒತ್ತಕ್ಷರ, ಅರ್ಧಾಕ್ಷರ ತುಂಬಿದ ಹೆಸರು. ಆದರೂ ಓದಿದ್ದರು. ನೀವೂ ಒಮ್ಮೆ ಜೋರಾಗಿ ಓದಿ.

ಅವರ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಾವು ದೂರದ ಒಂದು ಊರಿಗೆ ಹೋಗಬೇಕು. ಮೊದಲು ಆ ಊರಿನ ತಂಡದ ಕಥೆ. ಆಮೇಲೆ ಹುಡುಗನ ಕಥೆ.

ಗಿರಣಿ ಊರಿನ ತಂಡ

ಇಂಗ್ಲೆಂಡ್ ದೇಶದಲ್ಲಿ ಮ್ಯಾಂಚೆಸ್ಟರ್ ಎಂಬ ಊರಿದೆ. ಒಂದು ಕಾಲಕ್ಕೆ ಅದು ಹತ್ತಿ ಗಿರಣಿಗಳ ಊರು. ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆದದ್ದು ಇದೇ ಊರಿನ ಹೆಸರಿನಿಂದ. 1860ರ ದಶಕದಲ್ಲಿ ಅಮೆರಿಕದಲ್ಲಿ ಯುದ್ಧ ನಡೆಯಿತು. ಅಲ್ಲಿಂದ ಇಂಗ್ಲೆಂಡಿಗೆ ಹತ್ತಿ ಬರುವುದು ನಿಂತಿತು. ಆಗ ನಮ್ಮ ಧಾರವಾಡ ಸೀಮೆಯ ಹತ್ತಿ ಹಡಗು ಹತ್ತಿ ಆ ಕಡೆಯ ಗಿರಣಿಗಳಿಗೆ ಹೋಗಿತ್ತು.

1878ರಲ್ಲಿ ಆ ಊರಿನ ರೈಲ್ವೆ ಕೆಲಸಗಾರರು ಸೇರಿ ಕಾಲ್ಚೆಂಡಿನ ತಂಡ ಕಟ್ಟಿದರು. ಕಾಲ್ಚೆಂಡು ಅಂದರೆ ಫುಟ್‌ಬಾಲ್. ಒಂದು ಕಡೆ 11 ಜನ, ಇನ್ನೊಂದು ಕಡೆ 11 ಜನ. ಚೆಂಡನ್ನು ಕೈಯಲ್ಲಿ ಮುಟ್ಟುವಂತಿಲ್ಲ. ಗೋಲು ಕಾಯುವವನು ಮಾತ್ರ ಮುಟ್ಟಬಹುದು. ಎದುರಾಳಿಯ ಬಲೆಯೊಳಗೆ ಚೆಂಡು ಒದ್ದರೆ ಒಂದು ಗೋಲು.

1902ರಲ್ಲಿ ಈ ತಂಡಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ಅಂತ ಹೆಸರಾಯಿತು. ಇವತ್ತು ಅದರ ಆಟ ನೋಡಲು ಒಂದೇ ಮೈದಾನದಲ್ಲಿ 70 ಸಾವಿರಕ್ಕೂ ಹೆಚ್ಚು ಜನ ಸೇರುತ್ತಾರೆ. ತಾತ ಹೋದ ಜಾಗಕ್ಕೆ ಅಪ್ಪ, ಅಪ್ಪ ಹೋದ ಜಾಗಕ್ಕೆ ಮಗಳು. ನಮ್ಮಲ್ಲಿ ಊರ ತೇರಿಗೆ ಹೋಗುತ್ತೇವಲ್ಲ, ಹಾಗೆ. ಇವರನ್ನು ಅಭಿಮಾನಿಗಳು ಅನ್ನುತ್ತಾರೆ. ಗೆದ್ದರೆ ಕುಣಿಯುತ್ತಾರೆ. ಸೋತರೆ ಮನೆಯಲ್ಲಿ ಊಟ ಬಿಡುವವರೂ ಇದ್ದಾರೆ.

ಯಜಮಾನ ಯಾರು?

2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಈ ತಂಡವನ್ನು ಕೊಂಡಿತು. ಬೆಲೆ ಸುಮಾರು 79 ಕೋಟಿ ಪೌಂಡು. ಪೌಂಡು ಅಂದರೆ ಅಲ್ಲಿಯ ದುಡ್ಡು. ಈಚಿನ ವರ್ಷಗಳಲ್ಲಿ ಒಂದು ಪೌಂಡಿಗೆ ನಮ್ಮ ನೂರು ರೂಪಾಯಿ ಆಸುಪಾಸು.

ಅಷ್ಟು ದುಡ್ಡನ್ನು ಅವರು ಕೈಯಿಂದ ಹಾಕಲಿಲ್ಲ. ದೊಡ್ಡ ಪಾಲು ಸಾಲ ಮಾಡಿದರು. ಆ ಸಾಲದ ಬಹುಭಾಗವನ್ನು ತಂಡದ ತಲೆಯ ಮೇಲೆಯೇ ಹೊರಿಸಿದರು. ಬಡ್ಡಿಯನ್ನು ತಂಡದ ಗಳಿಕೆಯಿಂದ ಕಟ್ಟತೊಡಗಿದರು.

ಇದನ್ನು ಹೇಳಿದಾಗ ನಮ್ಮ ಕೇಂದ್ರದಲ್ಲಿ ಒಬ್ಬರು ತಡೆದರು. "ಅದರಲ್ಲೇನು ತಪ್ಪು? ನಾವೂ ಸಂಘದಲ್ಲಿ ಎಮ್ಮೆ ಸಾಲ ತಗೊಂಡು, ಹಾಲು ಮಾರಿ ತೀರಿಸಲ್ವಾ?" ಅಂದರು.

ಒಳ್ಳೇ ಪ್ರಶ್ನೆ. ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ಆಗ ಹಿಂದೆ ಕೂತಿದ್ದ ಅಜ್ಜಿ ಹೇಳಿದರು: "ಹಾಲಿನ ದುಡ್ಡೆಲ್ಲ ಬಡ್ಡಿಗೇ ಹೋದರೆ ಎಮ್ಮೆಗೆ ಹಿಂಡಿ ಯಾರು ಹಾಕ್ತಾರೆ?"

ಅಲ್ಲಿಯ ಅಭಿಮಾನಿಗಳ ದೂರೂ ಇದೇ. ಮೈದಾನದ ಮಾಡು ಸೋರುತ್ತಿದೆ, ದುಡ್ಡು ಬಡ್ಡಿಗೆ ಹೋಗುತ್ತಿದೆ ಅಂತ. ಎಲ್ಲರೂ ಹೀಗೇ ಹೇಳಲಿಲ್ಲ ಅನ್ನಿ. ಮೊದಲ ವರ್ಷಗಳಲ್ಲಿ ತಂಡ ಗೆಲ್ಲುತ್ತಲೇ ಇತ್ತು. "ಗೆಲ್ಲುತ್ತಾ ಇದೆಯಲ್ಲ, ಯಜಮಾನ ಯಾರಾದರೆ ನಮಗೇನು?" ಅನ್ನುವವರೂ ಇದ್ದರು. 2013ರಲ್ಲಿ ಹಳೆಯ ತರಬೇತುದಾರ ಅಲೆಕ್ಸ್ ಫರ್ಗುಸನ್ ನಿವೃತ್ತರಾದರು. ಆ ವರ್ಷ ದೇಶದ ದೊಡ್ಡ ಲೀಗ್ ಗೆದ್ದ ತಂಡ 2025ರ ತನಕ ಮತ್ತೆ ಗೆಲ್ಲಲಿಲ್ಲ. ತರಬೇತುದಾರರು ಬಂದರು, ಹೋದರು. 2025ರ ಋತುವಿನ ಕೊನೆಗೆ 20 ತಂಡಗಳಲ್ಲಿ 15ನೇ ಸ್ಥಾನಕ್ಕೆ ಇಳಿಯಿತು. ಆಗ ಜಗಳ ಜೋರಾಯಿತು. ತಪ್ಪು ಯಾರದ್ದು? ಯಜಮಾನನದ್ದೋ, ತರಬೇತುದಾರನದ್ದೋ, ಆಡುವವರದ್ದೋ?

ಕೆಲವರು ಜಗಳಕ್ಕೂ ಕಾಯಲಿಲ್ಲ. 2005ರಲ್ಲೇ ಸಿಟ್ಟಿನಿಂದ ಹೊರಗೆ ಬಂದು ತಮ್ಮದೇ ತಂಡ ಕಟ್ಟಿದರು. ಹೆಸರು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್. ಅಲ್ಲಿ ಪ್ರತಿ ಸದಸ್ಯರಿಗೂ ಒಂದು ಮತ. ದುಡ್ಡು ಹೆಚ್ಚು ಹಾಕಿದವರಿಗೂ ಒಂದೇ ಮತ, ಕಡಿಮೆ ಹಾಕಿದವರಿಗೂ ಒಂದೇ ಮತ. ನಮ್ಮ ಸಂಘದ ಹಾಗೆ. 2015ರಲ್ಲಿ ಅವರು ಸ್ವಂತ ಮೈದಾನವನ್ನೂ ಮಾಡಿಕೊಂಡರು. ಅದು ಕೆಳ ಹಂತದಲ್ಲಿ ಆಡುವ ಚಿಕ್ಕ ತಂಡ. ಆದರೆ ಲೆಕ್ಕ ಕೇಳಿದರೆ ಲೆಕ್ಕ ಸಿಗುತ್ತದೆ.

ದೊಡ್ಡ ತಂಡದಲ್ಲಿ ಉಳಿದವರೂ ಸುಮ್ಮನೆ ಕೂರಲಿಲ್ಲ. 2010ರಲ್ಲಿ ಕೆಂಪು ಬಿಟ್ಟು ಹಸಿರು ಮತ್ತು ಹಳದಿ ಬಣ್ಣದ ಶಾಲು ಹೊದ್ದು ಮೈದಾನಕ್ಕೆ ಬಂದರು. ಅದು ರೈಲ್ವೆ ಕೆಲಸಗಾರರ ಕಾಲದ ಬಣ್ಣ. 2021ರ ಏಪ್ರಿಲ್‌ನಲ್ಲಿ ಯುರೋಪಿನ 12 ಶ್ರೀಮಂತ ತಂಡಗಳು ಸೇರಿ ತಮ್ಮದೇ ಬೇರೆ ಲೀಗ್ ಮಾಡುತ್ತೇವೆ ಅಂದವು. ಅದರಲ್ಲಿ ಇದೂ ಒಂದು. ಇಂಗ್ಲೆಂಡಿನ ಅಭಿಮಾನಿಗಳು ಬೀದಿಗೆ ಬಂದರು. ಎರಡೇ ದಿನದಲ್ಲಿ ಆ ದೇಶದ 6 ತಂಡಗಳೂ ಹಿಂದೆ ಸರಿದವು. ಮೇ 2ರಂದು ಅಭಿಮಾನಿಗಳು ಮ್ಯಾಂಚೆಸ್ಟರಿನ ಮೈದಾನಕ್ಕೇ ನುಗ್ಗಿದರು. ಅವತ್ತಿನ ಆಟ ಮುಂದಕ್ಕೆ ಹೋಯಿತು. ಆ ಗಲಾಟೆಯಲ್ಲಿ ಪೊಲೀಸರಿಗೆ ಗಾಯವೂ ಆಯಿತು. ಅದು ನಮಗೆ ಸರಿ ಅನ್ನಿಸುವುದಿಲ್ಲ. ಪೊಲೀಸರೂ ಯಾರದೋ ಮನೆಯ ಮಕ್ಕಳೇ.

2024ರಲ್ಲಿ ಜಿಮ್ ರ‍್ಯಾಟ್‌ಕ್ಲಿಫ್ ಎಂಬ ಇಂಗ್ಲೆಂಡಿನ ಶ್ರೀಮಂತರು ತಂಡದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಪಾಲು ಕೊಂಡರು. ಆಟದ ಆಡಳಿತ ಅವರ ಕೈಗೆ ಬಂತು. ನಮ್ಮ ದೇಶದವರು, ನಮ್ಮ ಕಷ್ಟ ತಿಳಿದವರು ಅಂತ ಜನ ಆಸೆ ಪಟ್ಟರು. ಆದರೆ ಅದೇ ವರ್ಷ ಉಳಿದ ಟಿಕೆಟ್ಟುಗಳ ಬೆಲೆ 66 ಪೌಂಡಿಗೆ ಏರಿತು. ಅಂದರೆ ಸುಮಾರು 7 ಸಾವಿರ ರೂಪಾಯಿ. ಮಕ್ಕಳಿಗೂ ರಿಯಾಯಿತಿ ಇಲ್ಲ, ಮುದುಕರಿಗೂ ಇಲ್ಲ. ನೂರಾರು ಕೆಲಸಗಾರರನ್ನು ತೆಗೆದರು. 2025ರಲ್ಲಿ ಮೈದಾನದ ಕೆಲಸಗಾರರಿಗೆ ಪುಕ್ಕಟೆ ಸಿಗುತ್ತಿದ್ದ ಮಧ್ಯಾಹ್ನದ ಊಟವನ್ನೂ ನಿಲ್ಲಿಸಿದರು. ಊಟದ ಬದಲು ಹಣ್ಣು ಇಟ್ಟರು. ನಷ್ಟ ತುಂಬಬೇಕು, ಬೇರೆ ದಾರಿ ಇಲ್ಲ ಅಂತ ಆಡಳಿತದವರು ಹೇಳಿದರು. ಕೋಟಿಗಟ್ಟಲೆ ಸಂಬಳ ಕೊಡುವವರಿಗೆ ಊಟದ ಖರ್ಚೇ ಕಣ್ಣಿಗೆ ಬಿತ್ತೇ ಅಂತ ಜನ ಕೇಳಿದರು.

ಕೇಳಿದ್ದಕ್ಕೆ ಒಂದು ಫಲವೂ ಸಿಕ್ಕಿತು. 2025ರ ಜುಲೈನಲ್ಲಿ ಆ ದೇಶದಲ್ಲಿ ಕಾಲ್ಚೆಂಡಿನ ಆಡಳಿತಕ್ಕೇ ಒಂದು ಕಾಯ್ದೆ ಆಯಿತು. ತಂಡದ ಗುರುತು, ಅಂಗಿಯ ಬಣ್ಣ ಬದಲಿಸುವ ಮೊದಲು ಅಭಿಮಾನಿಗಳ ಅಭಿಪ್ರಾಯ ಕೇಳಬೇಕು. ಇದು ಬರೀ ಒಂದು ತಂಡಕ್ಕಲ್ಲ, ದೊಡ್ಡ ತಂಡಗಳೆಲ್ಲಕ್ಕೂ.

ಹೆಂಗಸರ ಆಟ

"ಅಲ್ಲಿ ಹೆಂಗಸರು ಆಡಲ್ವಾ?" ಅಂತ ನೀವು ಕೇಳಬಹುದು. ಆಡುತ್ತಾರೆ. ಆದರೆ 1921ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ತಂಡಗಳ ಮೈದಾನದಲ್ಲಿ ಹೆಂಗಸರು ಆಡಬಾರದು ಅಂತ ಅಪ್ಪಣೆ ಮಾಡಿತ್ತು. ಸುಮಾರು 50 ವರ್ಷ ಅದು ನಡೆಯಿತು. ಮ್ಯಾಂಚೆಸ್ಟರ್ ಯುನೈಟೆಡ್ ಕೂಡ 2005ರಲ್ಲಿ ತನ್ನ ಹೆಂಗಸರ ತಂಡವನ್ನು ಮುಚ್ಚಿತು. ಮತ್ತೆ ಕಟ್ಟಿದ್ದು 2018ರಲ್ಲಿ. ಆರೇ ವರ್ಷದಲ್ಲಿ, 2024ರ ಮೇ ತಿಂಗಳಲ್ಲಿ, ಆ ಹೆಂಗಸರು ದೇಶದ ಕಪ್ಪನ್ನೇ ಗೆದ್ದರು. ಕೊನೆಯ ಆಟದಲ್ಲಿ 4 ಗೋಲು ಹೊಡೆದರು, ಒಂದನ್ನೂ ಬಿಟ್ಟುಕೊಡಲಿಲ್ಲ.

ಕೆಲವೇ ವಾರಗಳಲ್ಲಿ ಗಂಡಸರ ತಂಡದ ಕಟ್ಟಡಕ್ಕೆ ರಿಪೇರಿ ಬಂತು. ಗಂಡಸರು ಹೆಂಗಸರ ಕಟ್ಟಡಕ್ಕೆ ಬಂದರು. ಹೆಂಗಸರು ತಾತ್ಕಾಲಿಕ ಶೆಡ್ಡಿಗೆ ಹೋದರು.

ಇದನ್ನು ಕೇಳಿ ನಮ್ಮ ಕೇಂದ್ರದಲ್ಲಿ ಎಲ್ಲರೂ ನಕ್ಕರು. ಯಾಕೆ ನಕ್ಕರು ಅಂತ ನಿಮಗೆ ಗೊತ್ತು.

ಹುಡುಗ ಬರೆದ ಕಾಗದ

ಈಗ ಕೆಂಪು ಅಂಗಿಯ ಹುಡುಗನ ಕಥೆ.

ಮಾರ್ಕಸ್ ರಾಶ್‌ಫೋರ್ಡ್ ಹುಟ್ಟಿದ್ದು 1997ರಲ್ಲಿ, ಅದೇ ಮ್ಯಾಂಚೆಸ್ಟರಿನಲ್ಲಿ. ಬಡವರ ಮನೆ. ತಾಯಿ ಒಬ್ಬರೇ ದುಡಿದು ಐದು ಮಕ್ಕಳನ್ನು ಸಾಕಿದರು. ದಿನವಿಡೀ ದುಡಿದರೂ ಕೈಗೆ ಬರುತ್ತಿದ್ದುದು ಕನಿಷ್ಠ ಕೂಲಿ. ಮಕ್ಕಳಿಗೆ ಬಡಿಸಿ ತಾಯಿ ಹಸಿದು ಮಲಗಿದ ದಿನಗಳೂ ಇದ್ದವು. ಹುಡುಗನಿಗೆ ಶಾಲೆಯಲ್ಲಿ ಪುಕ್ಕಟೆ ಊಟ ಸಿಗುತ್ತಿತ್ತು. 7ನೇ ವಯಸ್ಸಿಗೇ ಯುನೈಟೆಡ್ ತಂಡದ ಮಕ್ಕಳ ಶಾಲೆ ಸೇರಿದ. ಬೆಳೆದು ದೊಡ್ಡ ಆಟಗಾರನಾದ.

2020ರಲ್ಲಿ ಕೊರೊನಾ ಬಂತು. ಶಾಲೆಗಳು ಮುಚ್ಚಿದವು. ಆಗ ಅಲ್ಲಿಯ ಸರಕಾರ ಬಡ ಮಕ್ಕಳ ಊಟಕ್ಕೆ ಚೀಟಿ ಕೊಡುತ್ತಿತ್ತು. ಬೇಸಿಗೆ ರಜೆ ಬಂದ ಮೇಲೆ ಕೊಡುವುದಿಲ್ಲ ಅಂದಿತು. ರಜೆ ಅಂತ ಹಸಿವು ಬಿಡುತ್ತದೆಯೇ?

ಜೂನ್ 15ರಂದು ಈ ಹುಡುಗ ಪಾರ್ಲಿಮೆಂಟಿನ ಸದಸ್ಯರಿಗೆಲ್ಲ ಒಂದು ಕಾಗದ ಬರೆದ. ಆಗ ಅವನ ವಯಸ್ಸು 22. ತಾನು ಹಸಿದದ್ದನ್ನು ಬರೆದ. ತಾಯಿ ದುಡಿದದ್ದನ್ನು ಬರೆದ. ನೆರೆಹೊರೆಯವರು ಉಣಿಸಿದ್ದನ್ನು ಬರೆದ. ನಾಚಿಕೊಂಡು ಮುಚ್ಚಿಡಲಿಲ್ಲ. ಮಾರನೇ ದಿನವೇ ಸರಕಾರ ಒಪ್ಪಿತು. ರಜೆಯ 6 ವಾರ, ವಾರಕ್ಕೆ 15 ಪೌಂಡಿನ ಚೀಟಿ. ಸುಮಾರು 13 ಲಕ್ಷ ಮಕ್ಕಳಿಗೆ ಅದು ಸಿಗುವಂತಾಯಿತು.

ಅಕ್ಟೋಬರಿನಲ್ಲಿ ಮತ್ತೆ ರಜೆ, ಮತ್ತೆ ಅದೇ ಪ್ರಶ್ನೆ. ಈ ಸಲ ಪಾರ್ಲಿಮೆಂಟಿನಲ್ಲಿ ಮತ ಹಾಕಿದರು. ಊಟ ಬೇಕು ಅಂದವರು 261, ಬೇಡ ಅಂದವರು 322. ಸೋಲಾಯಿತು. ಆಗ ಊರೂರಿನ ಚಿಕ್ಕ ಹೋಟೆಲಿನವರು ತಾವೇ ಮಕ್ಕಳಿಗೆ ಊಟ ಕೊಡುತ್ತೇವೆ ಅಂದರು. ಅವನ ಮನವಿಗೆ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ನವೆಂಬರಿನಲ್ಲಿ ಸರಕಾರ ಮತ್ತೆ ಬಗ್ಗಿತು.

ನಮ್ಮಲ್ಲಿ 2002ರಲ್ಲಿ ಅಕ್ಷರ ದಾಸೋಹ ಅಂತ ಬಿಸಿಯೂಟ ಶುರುವಾದದ್ದು ನಿಮಗೆ ನೆನಪಿದೆ. ಮಗು ಶಾಲೆಯಲ್ಲಿ ಉಂಡರೆ ತಾಯಿಗೆ ಎಷ್ಟು ನಿರಾಳ ಅನ್ನುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗೋಡೆಯ ಮೇಲಿನ ಚೀಟಿಗಳು

2021ರ ಜುಲೈ 11. ಯುರೋಪಿನ ಕಪ್ಪಿಗೆ ಇಂಗ್ಲೆಂಡ್ ಮತ್ತು ಇಟಲಿ ಆಡಿದವು. ಆಟ ಸಮ ಆಯಿತು. ಕೊನೆಗೆ ಒಬ್ಬೊಬ್ಬರಾಗಿ ಚೆಂಡು ಒದೆಯಬೇಕು. ಇಂಗ್ಲೆಂಡಿನ ಮೂವರು ತಪ್ಪಿದರು. ಅದರಲ್ಲಿ ರಾಶ್‌ಫೋರ್ಡ್ ಒಬ್ಬ. ಮೂವರದೂ ಕಪ್ಪು ಮೈಬಣ್ಣ. ಆ ರಾತ್ರಿಯೇ ಮೈಬಣ್ಣ ಹಿಡಿದು ಕೆಟ್ಟ ಬೈಗಳು ಶುರುವಾದವು. ಮ್ಯಾಂಚೆಸ್ಟರಿನ ಒಂದು ಗೋಡೆಯ ಮೇಲೆ ಅವನ ದೊಡ್ಡ ಚಿತ್ರ ಬರೆದಿದ್ದರು. ಯಾರೋ ಅದರ ಮೇಲೆ ಹೊಲಸು ಮಾತು ಗೀಚಿದರು.

ಬೆಳಗಾದ ಮೇಲೆ ಊರಿನ ಜನ ಬಂದರು. ಗೀಚಿದ್ದು ಕಾಣದ ಹಾಗೆ ಚೀಟಿ ಅಂಟಿಸಿದರು. ಮಕ್ಕಳು ಕೂಡ ತಮ್ಮ ಕೈಯಾರೆ ಬರೆದು ಅಂಟಿಸಿದರು. ಗೋಡೆ ತುಂಬಿತು. ರಾಶ್‌ಫೋರ್ಡ್ ಚೆಂಡು ತಪ್ಪಿದ್ದಕ್ಕೆ ಕ್ಷಮೆ ಕೇಳಿದ. ತಾನು ಯಾರು, ಎಲ್ಲಿಂದ ಬಂದೆ ಅನ್ನುವುದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ ಅಂದ.

ಮುಂದಿನ ಕಥೆ ಅಷ್ಟು ಚೆನ್ನಾಗಿಲ್ಲ. 2023ರಲ್ಲಿ ಮುಗಿದ ಋತುವಿನಲ್ಲಿ 30 ಗೋಲು ಹೊಡೆದವನು ಮುಂದಿನ ಋತುವಿನಲ್ಲಿ 8ಕ್ಕೆ ಇಳಿದ. 2024ರ ಜನವರಿಯಲ್ಲಿ ರಾತ್ರಿ ಮೋಜಿಗೆ ಹೋಗಿ ಅಭ್ಯಾಸ ತಪ್ಪಿಸಿದ ಅಂತ ಸುದ್ದಿಯಾಯಿತು. ತಪ್ಪಿನ ಹೊಣೆ ಅವನು ಹೊತ್ತ ಅಂತ ತಂಡವೇ ಹೇಳಿತು. ಆ ವರ್ಷದ ಕೊನೆಗೆ ಹೊಸ ತರಬೇತುದಾರ ಅವನನ್ನು ಹೊರಗೆ ಕೂರಿಸಿದರು. 2025ರಲ್ಲಿ ಅವನನ್ನು ಬೇರೆ ತಂಡಕ್ಕೆ ಎರವಲು ಕೊಟ್ಟರು. ಹೌದು, ಕಾಲ್ಚೆಂಡಿನಲ್ಲಿ ಆಟಗಾರರನ್ನು ಎರವಲು ಕೊಡುತ್ತಾರೆ, ಮದುವೆಗೆ ದೊಡ್ಡ ಪಾತ್ರೆ ಕೊಟ್ಟ ಹಾಗೆ.

ಅಭಿಮಾನಿಗಳಲ್ಲಿ ಎರಡು ಪಕ್ಷ ಆಯಿತು. "ಮಕ್ಕಳ ಊಟಕ್ಕೆ ಹೋರಾಡಿದವನು, ಅವನನ್ನು ಬೈಬೇಡಿ" ಅಂತ ಒಂದು ಪಕ್ಷ. "ಪೇಪರಿನವರು ಬರೆದ ಪ್ರಕಾರ ವಾರಕ್ಕೆ 3 ಲಕ್ಷ ಪೌಂಡು ಸಂಬಳ. ಮೈದಾನದಲ್ಲಿ ಓಡದಿದ್ದರೆ ಹೇಗೆ?" ಅಂತ ಇನ್ನೊಂದು ಪಕ್ಷ. ಮೊದಲೇ ಕಾಗದ ಬರೆಯದೆ ಆಟ ಆಡಿಕೊಂಡಿದ್ದರೆ ಚೆನ್ನಾಗಿತ್ತು ಅಂದವರೂ ಇದ್ದರು.

ನಮ್ಮಲ್ಲೂ ವಾದ ಆಯಿತು. ಸಂಬಳ ತಗೊಂಡ ಮೇಲೆ ಕೆಲಸ ಮಾಡಲೇಬೇಕು, ಕೂಲಿ ಕೆಲಸದಲ್ಲಿ ನಮ್ಮನ್ನು ಯಾರಾದರೂ ಬಿಡ್ತಾರಾ ಅಂತ ಒಬ್ಬರು. ಅದೂ ನಿಜ. ಆದರೆ ಕೊನೆಯ ಮೂರು ಮಾತನ್ನು ನಾವು ಒಪ್ಪಲಿಲ್ಲ: "ಆಟ ಆಡಿಕೊಂಡು ಸುಮ್ಮನಿರಬೇಕಿತ್ತು" ಅನ್ನುವುದನ್ನು. ಆ ಬೇಸಿಗೆಯಲ್ಲಿ ಉಂಡ ಮಕ್ಕಳು ಉಂಡೇ ಉಂಡರು. ಅವನು ಗೋಲು ತಪ್ಪಿದರೆ ಆ ಊಟ ವಾಪಸು ಹೋಗುವುದಿಲ್ಲ. ಹಾಗೆಯೇ, ಊಟ ಕೊಡಿಸಿದ ಅಂತ ಅಭ್ಯಾಸ ತಪ್ಪಿಸಿದ್ದು ಸರಿಯಾಗುವುದೂ ಇಲ್ಲ. ಒಬ್ಬನಲ್ಲೇ ಎರಡೂ ಇರುತ್ತದೆ. ನಮ್ಮ ಮನೆಯ ಗಂಡಸರಲ್ಲಿ ನೋಡಿಲ್ಲವೇ? ನಮ್ಮಲ್ಲೂ ಇಲ್ಲವೇ?

ಪೇಪರಿನ ತುಂಡು ತಂದ ಅಕ್ಕ ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ದೇವರ ಪಕ್ಕ ಬೇಡ. ಅಕ್ಕಿ ಡಬ್ಬದ ಮೇಲೆ ಅಂಟಿಸ್ತೀನಿ. ಮಗನಿಗೆ ಕಾಗದದ ಕಥೆ ನಾನೇ ಹೇಳ್ತೀನಿ" ಅಂದರು.

ಇವತ್ತಿನ ಬರವಣಿಗೆ

ನಿಮ್ಮ ಮಗು ಅಥವಾ ಮೊಮ್ಮಗು ಹೋಗುವ ಶಾಲೆಯ ಬಿಸಿಯೂಟದ ಬಗ್ಗೆ ಮುಖ್ಯೋಪಾಧ್ಯಾಯರಿಗೆ ಐದು ಸಾಲಿನ ಕಾಗದ ಬರೆಯಿರಿ. ಊಟ ಚೆನ್ನಾಗಿದ್ದರೆ ಚೆನ್ನಾಗಿದೆ ಅಂತ ಬರೆಯಿರಿ. ಬೇಳೆ ನೀರಾಗಿದ್ದರೆ ಅದನ್ನೂ ಬರೆಯಿರಿ. ಮೇಲೆ ತಾರೀಕು ಹಾಕಿ. ಕೆಳಗೆ ಸಹಿ ಹಾಕಿ.