ಅರೆತಲೆನೋವಿಗೆ ಹಸಿರು ಬೆಳಕು, ಹಣೆಗೆ ಕರೆಂಟು

ಅರೆತಲೆನೋವು, ಅಂದ್ರೆ ಮೈಗ್ರೇನ್, ಬರೀ ಜೋರಾದ ತಲೆನೋವಲ್ಲ. ಹೊಟ್ಟೆ ತೊಳಸುತ್ತೆ, ಬೆಳಕು ಚುಚ್ಚುತ್ತೆ, ಸಣ್ಣ ಸದ್ದೂ ತಡೆಯಕ್ಕಾಗಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ಸಂಶೋಧಕರು ಮನೆಮನೆಗೆ ಹೋಗಿ 2,329 ಜನರನ್ನು ವಿಚಾರಿಸಿದ್ದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಒಂದು ವರ್ಷದಲ್ಲಿ ಮೈಗ್ರೇನ್ ಕಾಡಿದವರು ಶೇ. 25.2. ಆ ಲೆಕ್ಕ ಹಿಡಿದ್ರೆ 60 ಜನರ ಕ್ಲಾಸಲ್ಲಿ 15 ಜನ!

ನಮ್ಮೂರು ನಂಜನಗೂಡು ತಾಲ್ಲೂಕಿನ ಬಿಳಿಗೆರೆ. ನಮ್ಮತ್ತೆಗೆ ನೋವು ಬಂದ್ರೆ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಕೊಂಡು ಕತ್ತಲೆ ಕೋಣೇಲಿ ಮಲಗ್ತಾರೆ, ಅಂಗಡಿಯಿಂದ ಮಾತ್ರೆ ತರಿಸ್ತಾರೆ. ಕತ್ತಲೆಯಿಂದ ತೊಂದರೆ ಇಲ್ಲ. ಆದರೆ ಮಾಮೂಲಿ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಹೀಗೇ ಮೂರು ತಿಂಗಳು ದಾಟಿ ನುಂಗ್ತಾ ಹೋದ್ರೆ ಮಾತ್ರೆಯೇ ತಲೆನೋವು ಹೆಚ್ಚಿಸಬಹುದು. ಔಷಧಿ ಇಲ್ಲದ ದಾರಿ ಹುಡುಕೋದು ಅದಕ್ಕೇ.

ಒಂದು ದಾರಿ ಕರೆಂಟು. ಹೊಸದೇನಲ್ಲ, ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೆ ಶಾಕ್ ಹೊಡೆಯೋ ಮೀನನ್ನು ತಲೆ ಮೇಲೆ ಇಡಿ ಅಂದಿದ್ದ! ಈಗ ಮೀನಿನ ಬದಲು ಸೆಫಾಲಿ ಅನ್ನೋ ಉಪಕರಣ ಇದೆ. ಹಣೆಗೆ ಅಂಟಿಸಿದ ಎಲೆಕ್ಟ್ರೋಡಿನಿಂದ ಟ್ರೈಜೆಮಿನಲ್ ನರದ ಕವಲುಗಳಿಗೆ ಸಣ್ಣ ಪಲ್ಸ್ ಕೊಡುತ್ತೆ, ದಿನಕ್ಕೆ 20 ನಿಮಿಷ. ಬೆಲ್ಜಿಯಂನಲ್ಲಿ 67 ಜನರ ಮೇಲೆ ಪರೀಕ್ಷಿಸಿದಾಗ ನೋವಿನ ದಿನಗಳು ಅರ್ಧಕ್ಕಾದರೂ ಇಳಿದದ್ದು ಶೇ. 38ರಷ್ಟು ಜನರಿಗೆ. ಉಪಕರಣದ ಹೆಸರಿಗೆ ಮಾತ್ರ ಕರೆಂಟು ಕೊಟ್ಟ ಗುಂಪಿನಲ್ಲಿ ಶೇ. 12. ನನಗೆ ಮುಖ್ಯ ಅನ್ಸಿದ್ದು ಈ ಎರಡನೇ ಸಂಖ್ಯೆ. ಮೈಮೇಲೆ ಏನೋ ಜುಮ್ ಅಂದ್ರೆ ಸಾಕು, ಕೆಲವರಿಗೆ ಗುಣ ಆದ ಹಾಗೆ ಅನ್ಸುತ್ತೆ. ಅದನ್ನು ಕಳೆಯದೆ ಲೆಕ್ಕ ಹಾಕಿದ್ರೆ ಯಾವ ಯಂತ್ರವೂ ಗೆಲ್ಲುತ್ತೆ.

ಇನ್ನೊಂದು, ನಾವು ಓದಿರೋ ಫ್ಯಾರಡೆ ನಿಯಮ. ಕೆಲವರಿಗೆ ನೋವಿಗೆ ಮೊದಲು ಕಣ್ಣ ಮುಂದೆ ಅಂಕುಡೊಂಕು ಗೆರೆ ಕಾಣುತ್ತೆ. ಮಿದುಳಿನ ಹೊರಪದರದಲ್ಲಿ ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಒಂದು ಅಲೆ ತೆವಳೋದರ ಗುರುತು ಅದು. ತಲೆಯ ಹಿಂಭಾಗಕ್ಕೆ ಕಾಯಿಲ್ ಹಿಡಿದು ಕಾಂತೀಯ ಪಲ್ಸ್ ಕೊಟ್ರೆ ಒಳಗೆ ಕರೆಂಟು ಹುಟ್ಟಿ ಅಲೆಗೆ ಅಡ್ಡಿಯಾಗಬಹುದು. 2010ರ ಪರೀಕ್ಷೆಯಲ್ಲಿ ಎರಡು ಗಂಟೆಯೊಳಗೆ ನೋವು ಪೂರ್ತಿ ಹೋದದ್ದು ಶೇ. 39 ಜನರಿಗೆ, ನಕಲಿ ಪಲ್ಸ್ ಪಡೆದವರಲ್ಲಿ ಶೇ. 22. ತೋಳಿಗೆ ಕಟ್ಟೋ ನೆರಿವಿಯೊ 2023ರಿಂದ ಭಾರತದಲ್ಲೂ ಸಿಗ್ತಿದೆ.

ಈಗ ಬೆಳಕು. ಹಾರ್ವರ್ಡ್‌ನ ನೊಸೆಡಾ ಮತ್ತು ಬರ್ಸ್ಟೀನ್ ತಂಡ 2016ರಲ್ಲಿ ತೋರಿಸಿದ ಹಾಗೆ, ನೀಲಿ, ಕೆಂಪು, ಬಿಳಿ ಬೆಳಕಿಗಿಂತ ಸುಮಾರು 530 ನ್ಯಾನೋಮೀಟರಿನ ಹಸಿರು ನೋವನ್ನು ಕಡಿಮೆ ಕೆರಳಿಸುತ್ತೆ. ಕಣ್ಣು ಮತ್ತು ಮಿದುಳಿನಲ್ಲಿ ಅದು ಎಬ್ಬಿಸೋ ವಿದ್ಯುತ್ ಸಂಕೇತವೇ ಚಿಕ್ಕದು. ಆಮೇಲೆ ಅರಿಜೋನಾದಲ್ಲಿ 29 ಜನ 10 ವಾರ, ದಿನಾ ಒಂದೆರಡು ಗಂಟೆ ಹಸಿರು ಬೆಳಕಿನಲ್ಲಿ ಕೂತರು, ನೋವಿನ ದಿನಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ಕೇಳಕ್ಕೆ ಚೆನ್ನಾಗಿದೆ. ಆದರೆ ಮೊದಲು ಬಿಳಿ, ಆಮೇಲೆ ಹಸಿರು ಅಂತ ಎಲ್ಲರಿಗೂ ಒಂದೇ ಕ್ರಮ, ಮೇಲಾಗಿ ಬಣ್ಣ ಮುಚ್ಚಿಡೋಕಂತೂ ಆಗಲ್ಲ. ಹಾಗಾಗಿ ಇದು ಇನ್ನೂ ಭರವಸೆ ಮಾತ್ರ. ಬಿಳಿ ಬಲ್ಬಿಗೆ ಹಸಿರು ಕಾಗದ ಸುತ್ತಿದ್ರೆ ಬೇರೆ ತರಂಗಾಂತರಗಳೂ ಸೋರಿ ಬರ್ತವೆ, ಪ್ರಕಾಶ ಜಾಸ್ತಿ ಆದ್ರೆ ಹಸಿರೂ ಚುಚ್ಚುತ್ತೆ.

ಅತ್ತೆಗೆ ನಾನು ಮೊದಲು ಕೊಟ್ಟಿದ್ದು ಬಲ್ಬಲ್ಲ, ಒಂದು ಕ್ಯಾಲೆಂಡರ್. ನೋವು ಬಂದ ದಿನ, ಮಾತ್ರೆ ನುಂಗಿದ ದಿನ ಗುರುತು ಹಾಕ್ಕೊಂಡ್ರೆ ನರರೋಗ ತಜ್ಞರಿಗೆ ತೋರಿಸಬಹುದು. ಪೇಸ್‌ಮೇಕರ್ ಇರೋರು ಕೇಳದೆ ಈ ಯಂತ್ರಗಳನ್ನು ಮುಟ್ಟಬಾರದು. ಇದ್ದಕ್ಕಿದ್ದ ಹಾಗೆ ಹಿಂದೆಂದೂ ಬರದಂಥ ತಲೆನೋವು ಬಂದ್ರೆ, ಮಾತು ತೊದಲಿದ್ರೆ, ಒಂದು ಕೈ ಸೋತ್ರೆ, ಕತ್ತಲೆ ಕೋಣೇಲಿ ಮಲಗಿಸದೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.