ಆರೋಪಿಗೆ ಹದಿನೇಳು ವರ್ಷ: ಸಂತ್ರಸ್ತ ಕುಟುಂಬ ತಿಳಿದಿರಬೇಕಾದದ್ದು

‘ಹುಡುಗ ಮೈನರ್, ಮೂರು ವರ್ಷಕ್ಕೆ ಆಚೆ ಬರ್ತಾನೆ. ಕೇಸು ಹಾಕಿ ಏನು ಸಿಗುತ್ತೆ?’ ರಾಜಿ ಮಾಡಿಸಲು ಬರುವ ಊರ ಹಿರಿಯರು ಸಂತ್ರಸ್ತೆಯ ಮನೆಯವರ ಮುಂದೆ ಮೊದಲು ಎತ್ತುವ ಮಾತು ಇದು. 2015ರವರೆಗೆ ಅದು ನಿಜವೇ ಆಗಿತ್ತು.

2012ರ ಡಿಸೆಂಬರ್ 16ರ ದೆಹಲಿ ಸಾಮೂಹಿಕ ಅತ್ಯಾಚಾರದ ಆರೋಪಿಗಳಲ್ಲಿ ಒಬ್ಬನಿಗೆ ಆಗ ಹದಿನೇಳು ವರ್ಷ. ಅಂದಿನ ಕಾಯ್ದೆಯಂತೆ ಅವನಿಗೆ ವಿಧಿಸಬಹುದಾಗಿದ್ದ ಗರಿಷ್ಠ ಅವಧಿ ವಿಶೇಷ ಗೃಹದಲ್ಲಿ ಮೂರು ವರ್ಷ. 2015ರ ಡಿಸೆಂಬರ್ 20ರಂದು ಅವನು ಬಿಡುಗಡೆಯಾದ. ಎರಡೇ ದಿನಕ್ಕೆ ರಾಜ್ಯಸಭೆ ಹೊಸ ಬಾಲನ್ಯಾಯ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಸಿಟ್ಟಿನ ಬಿಸಿಯಲ್ಲಿ ಪಾಸಾದ ಕಾಯ್ದೆ ಎಂಬ ಟೀಕೆ ಇಂದಿಗೂ ಇದೆ.

ಹೊಸ ಕಾಯ್ದೆಯಲ್ಲೂ ಹದಿನಾರು ತುಂಬದವರಿಗೆ ಮೂರು ವರ್ಷವೇ ಗರಿಷ್ಠ. ಹದಿನಾರು ದಾಟಿದವನು ‘ಘೋರ ಅಪರಾಧ’ದ ಆರೋಪಿಯಾದರೆ ಮಾತ್ರ ವಯಸ್ಕನಂತೆ ವಿಚಾರಣೆ ಸಾಧ್ಯ. ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಅಪರಾಧವಷ್ಟೇ ಘೋರ ಅಪರಾಧ. ಇಲ್ಲಿ ಎಫ್‌ಐಆರ್‌ನ ಕಲಂಗಳು ನಿರ್ಣಾಯಕ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 4 ಅಥವಾ 6ನೇ ಕಲಂ ಬಿದ್ದರೆ ಕನಿಷ್ಠ ಶಿಕ್ಷೆಯೇ ಹತ್ತು, ಇಪ್ಪತ್ತು ವರ್ಷ. ಬರೀ 8ನೇ ಕಲಂ ಹಾಕಿದ್ದರೆ ಕನಿಷ್ಠ ಮೂರೇ ವರ್ಷ, ಆ ಬಾಗಿಲು ಅಲ್ಲೇ ಮುಚ್ಚಿತು. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕಾದ ಕಾಗದ. ತೆಗೆದುಕೊಂಡು, ವಕೀಲರಿಂದ ಓದಿಸಿ.

ಲೆಕ್ಕಕ್ಕೆ ಬರುವುದು ಕೃತ್ಯ ನಡೆದ ದಿನದ ವಯಸ್ಸು, ಬಂಧನದ ದಿನದ್ದಲ್ಲ. ಶಾಲೆಯ ಅಥವಾ ಎಸ್ಸೆಸ್ಸೆಲ್ಸಿ ದಾಖಲೆಗೆ ಮೊದಲ ಸ್ಥಾನ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ.

ಇನ್ನು, ವಯಸ್ಕನಂತೆ ವಿಚಾರಣೆ ಬೇಕೇ ಎಂದು ನಿರ್ಧರಿಸುವ ಪ್ರಾಥಮಿಕ ಮೌಲ್ಯಮಾಪನ. ಇಡೀ ಪ್ರಕರಣದ ದಿಕ್ಕು ತಿರುಗುವುದು ಇಲ್ಲಿ, ಆದರೆ ಎಷ್ಟೋ ಕುಟುಂಬಗಳಿಗೆ ಇದು ನಡೆದದ್ದೇ ಗೊತ್ತಿರುವುದಿಲ್ಲ. ಬಾಲನ್ಯಾಯ ಮಂಡಳಿಯಲ್ಲಿ ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಹುಡುಗ ತಪ್ಪು ಮಾಡಿದನೇ ಎಂಬುದು ಅವರ ಮುಂದಿರುವ ಪ್ರಶ್ನೆಯಲ್ಲ. ಕೃತ್ಯ ಎಸಗುವ ದೈಹಿಕ, ಮಾನಸಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮದ ಅರಿವಿತ್ತೇ, ಸಂದರ್ಭ ಯಾವುದು ಎಂದು ನೋಡುತ್ತಾರೆ. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಗುರುಗ್ರಾಮದ ಶಾಲಾ ಬಾಲಕನ ಕೊಲೆ ಪ್ರಕರಣ ಅದು. ಮೇಲ್ಮನವಿ ಹಾಕಿದವರು ಮೃತ ಬಾಲಕನ ತಂದೆ.

ಮೌಲ್ಯಮಾಪನಕ್ಕೆ ಕಾಯ್ದೆ ಕೊಟ್ಟ ಗಡುವು ಮೂರು ತಿಂಗಳು. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, ಗಡುವು ಮೀರಿದ ಮಾತ್ರಕ್ಕೆ ಮೌಲ್ಯಮಾಪನ ಬಿದ್ದುಹೋಗದು ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ‘ಟೈಮ್ ಮುಗೀತು’ ಎಂದು ಯಾರಾದರೂ ಹೇಳಿದರೆ ಕೈಚೆಲ್ಲಬೇಕಿಲ್ಲ.

ವಯಸ್ಕನಂತೆ ವಿಚಾರಣೆಗೆ ಮಂಡಳಿ ಒಪ್ಪಿದರೆ ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ಈ ಪ್ರಶ್ನೆ ಮತ್ತೊಮ್ಮೆ ಪರಿಶೀಲನೆಯಾಗಬೇಕು. ವಯಸ್ಕನಂತೆ ಶಿಕ್ಷೆಯಾದರೂ ಇಪ್ಪತ್ತೊಂದು ತುಂಬುವವರೆಗೆ ಜೈಲಲ್ಲ, ‘ಸುರಕ್ಷಿತ ಸ್ಥಳ’. ಇಪ್ಪತ್ತೊಂದು ತುಂಬಿದಾಗ ಅವನು ಸುಧಾರಿಸಿದ್ದಾನೆಯೇ ಎಂದು ಕೋರ್ಟು ನೋಡಿ, ಬಿಡುಗಡೆ ಮಾಡಬಹುದು ಅಥವಾ ಉಳಿದ ಅವಧಿಗೆ ಜೈಲಿಗೆ ಕಳಿಸಬಹುದು. ಗಲ್ಲು, ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿ ಇವೆರಡೂ ಇಲ್ಲ.

ಇದು ಮೃದುವಾಯಿತೇ? ನನಗೆ ಹಾಗನ್ನಿಸುವುದಿಲ್ಲ. ಪರಸ್ಪರ ಇಷ್ಟಪಟ್ಟು ಓಡಿಹೋದ ಹದಿನೇಳರ ಹುಡುಗನ ಮೇಲೂ ಇದೇ ಪೋಕ್ಸೊ ಕಲಂ ಬೀಳುತ್ತದೆ. ಅವನನ್ನೂ ಹೊಂಚುಹಾಕಿ ಮಗುವಿನ ಮೇಲೆ ಎರಗಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನನ್ನ ತಕರಾರು ಬೇರೆ: ಈ ವ್ಯತ್ಯಾಸ ಗುರುತಿಸಬೇಕಾದ ಮೌಲ್ಯಮಾಪನವೇ ಕಾಟಾಚಾರಕ್ಕೆ ಮುಗಿದರೆ ಇಬ್ಬರಿಗೂ ಅನ್ಯಾಯ.

ಸಂತ್ರಸ್ತ ಮಗುವಿನ ಕುಟುಂಬ ತನ್ನ ವಕೀಲರನ್ನು ಇಟ್ಟುಕೊಳ್ಳಬಹುದು. ಶಕ್ತಿಯಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ಒದಗಿಸುತ್ತದೆ, ಸಹಾಯವಾಣಿ 15100. ಮಧ್ಯಂತರ ಪರಿಹಾರಕ್ಕೆ ತೀರ್ಪಿನವರೆಗೆ ಕಾಯಬೇಕಿಲ್ಲ. ಎಫ್‌ಐಆರ್ ಆದ ಮೇಲೆ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಮೌಲ್ಯಮಾಪನದ ದಿನಾಂಕವನ್ನು ವಕೀಲರ ಮೂಲಕ ಮಂಡಳಿಯಲ್ಲೇ ವಿಚಾರಿಸಿ. ಆದೇಶದ ಮೇಲೆ ಮೇಲ್ಮನವಿಗೆ ಇರುವುದು ಮೂವತ್ತೇ ದಿನ.