ಎಲ್ಲರಿಗೂ ಬರುವ ನೆಟ್ ಒಂದೇ ಕಂಪ್ಯೂಟರಿಗೆ ಬಾರದಿದ್ದಾಗ

ಸಿಂದಗಿ ಭಾಗದ ಹಳ್ಳಿಗಳಲ್ಲಿ ಕಂಪ್ಯೂಟರ್ ರಿಪೇರಿಗೆ ತಿರುಗುವ ನನಗೆ ಒಮ್ಮೆ ಯಂಕಂಚಿಯಿಂದ ಒಬ್ಬ ಹುಡುಗಿಯ ಫೋನ್ ಬಂತು. “ಅಣ್ಣಾರ, ಎಲ್ಲಾರ ಮೊಬೈಲ್‌ದಾಗ ನೆಟ್ ಬರಾಕತ್ತೈತಿ, ನನ್ನ ಕಂಪ್ಯೂಟರ್‌ದಾಗಷ್ಟ ಬರವಲ್ದು. ನಾಳಿ ಸ್ಕಾಲರ್‌ಶಿಪ್ ಅರ್ಜಿಗಿ ಕಡೀ ದಿನ ಐತ್ರಿ.” ಅಣ್ಣತಮ್ಮಂದಿರ ಎರಡು ಮನೆಗೆ ಒಂದೇ ಕನೆಕ್ಷನ್. ಅವತ್ತಿನಿಂದ ಕಲಿತದ್ದನ್ನು ಬರೆಯುತ್ತಿದ್ದೇನೆ.

1. ರೂಟರ್ ರೀಸೆಟ್ ಮಾಡಬೇಡಿ. ಉಳಿದವರಿಗೆ ನೆಟ್ ಬರುತ್ತಿದೆ ಎಂದರೆ ಲೈನ್ ಸರಿಯಿದೆ. ಆರಿಸಿ ಹಚ್ಚುವುದು ಬೇರೆ, ಹಿಂದಿನ ಸಣ್ಣ ತೂತಿಗೆ ಸೂಜಿ ಚುಚ್ಚುವುದು ಬೇರೆ. ಸೂಜಿ ಚುಚ್ಚಿದರೆ ವೈಫೈ ಪಾಸ್‌ವರ್ಡ್ ಹೋಗುತ್ತದೆ, ಎಷ್ಟೋ ರೂಟರ್‌ಗಳಲ್ಲಿ ಕನೆಕ್ಷನ್ನಿನ ಯೂಸರ್‌ನೇಮ್ ಕೂಡ ಅಳಿಯುತ್ತದೆ. ಒಬ್ಬರ ತೊಂದರೆ ಎರಡೂ ಮನೆಯದಾಗುತ್ತದೆ. ನಾನು ಹೋಗುವಷ್ಟರಲ್ಲಿ ಅಲ್ಲಿ ಆಗಿದ್ದೂ ಅದೇ.

2. ಮೊದಲು ಐಪಿ ನಂಬರ್ ನೋಡಿ. ಅದು 169.254ರಿಂದ ಶುರುವಾಗಿದ್ದರೆ, ಕಂಪ್ಯೂಟರ್ ಕೇಳಿದ ವಿಳಾಸ ರೂಟರ್‌ನಿಂದ ಬಂದಿಲ್ಲ, ತಾನೇ ಒಂದು ಹಾಕಿಕೊಂಡಿದೆ ಎಂದರ್ಥ. ಆಗ ವೈರ್ ಇಲ್ಲವೆ ವೈಫೈ ಕಡೆ ಹೋಗಿ. ಮಾಳಿಗೆ ಮೇಲಿಂದ ಎಳೆದ ವೈರನ್ನು ಇಲಿ ಕಡಿದಿರುತ್ತದೆ, ಬಿಸಿಲಿಗೆ ಹೊದಿಕೆ ಬಿರಿದಿರುತ್ತದೆ. ಒಳಗಿನ ಎಂಟು ಎಳೆಗಳಲ್ಲಿ 100 ಎಂಬಿ ವೇಗಕ್ಕೆ ನಾಲ್ಕು ಸಾಕು, ಆದರೆ ಆ ನಾಲ್ಕೂ ಗಟ್ಟಿ ಇರಬೇಕು. ಅದೇ ವೈರನ್ನು ಬೇರೆ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ದೋಷ ವೈರಿನದೋ ಯಂತ್ರದ್ದೋ ಗೊತ್ತಾಗುತ್ತದೆ.

3. ಹತ್ತಿರದಿಂದ ದೂರಕ್ಕೆ ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದೆಯೇ ಎಂದು ಕೇಳಿ ನೋಡಿ. ಮೊದಲು ರೂಟರ್, ಬಹಳ ಕಡೆ ಅದು 192.168.1.1. ಆಮೇಲೆ ಹೊರಗಿನ ಇಂಟರ್ನೆಟ್ಟಿನ ಒಂದು ನಂಬರ್, 8.8.8.8. ಕೊನೆಗೆ ಯಾವುದಾದರೂ ಸೈಟಿನ ಹೆಸರು. ನಂಬರಿಗೆ ಉತ್ತರ ಬಂದು ಹೆಸರು ಸಿಗದಿದ್ದರೆ ತಪ್ಪು ಹೆಸರನ್ನು ನಂಬರಿಗೆ ತಿರುಗಿಸುವ ಡಿಎನ್‌ಎಸ್‌ನಲ್ಲಿದೆ.

4. ಗಡಿಯಾರ ನೋಡಿ. ರೂಟರ್ ಮತ್ತೆ ಹೊಂದಿಸಿದ ಮೇಲೆ ಆ ಹುಡುಗಿಯ ಕಂಪ್ಯೂಟರಿನಲ್ಲಿ ಮೂರೂ ಪಿಂಗ್‌ಗೆ ಉತ್ತರ ಬರುತ್ತಿತ್ತು, ಸೈಟ್ ಮಾತ್ರ ತೆರೆಯುತ್ತಿರಲಿಲ್ಲ. ಡ್ರೈವರ್ ತೆಗೆದು ಹಾಕಿದೆ, ಬ್ರೌಸರ್ ಬದಲಿಸಿದೆ, ಎರಡು ತಾಸು ಹೋಯಿತು. ಕೊನೆಗೆ ಪರದೆಯ ಮೂಲೆಯಲ್ಲಿ ಕಂಡದ್ದು 2010ರ ಜನವರಿ 1. ಸುರಕ್ಷಿತ ಸೈಟುಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. 2010ರಲ್ಲಿ ಕೂತ ಯಂತ್ರಕ್ಕೆ ಅವು ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ಬ್ರೌಸರ್ ಒಂದನ್ನೂ ನಂಬುವುದಿಲ್ಲ. ಮದರ್‌ಬೋರ್ಡ್ ಮೇಲಿನ 3 ವೋಲ್ಟಿನ ಸಿಆರ್2032 ಸೆಲ್ ಸತ್ತಿತ್ತು, ಕರೆಂಟ್ ಹೋದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತಿತ್ತು. ತಾರೀಖು ತಿದ್ದಿದ ಕೂಡಲೇ ಸೈಟ್ ತೆರೆಯಿತು.

5. ಇನ್ನೂ ಮೂರು ಕಾರಣಗಳಿವೆ. ಎರಡು ಯಂತ್ರಗಳಿಗೆ ಕೈಯಾರೆ ಒಂದೇ ಐಪಿ ಕೊಟ್ಟಿರುವುದು, ಬ್ರೌಸರಿನಲ್ಲಿ ಹಳೇ ಪ್ರಾಕ್ಸಿ ಉಳಿದಿರುವುದು, ಹಳೇ ಲ್ಯಾಪ್‌ಟಾಪಿಗೆ 5 ಗಿಗಾಹರ್ಟ್ಸ್ ವೈಫೈ ಕಾಣದಿರುವುದು.

6. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಮೂರು ಒಟ್ಟಿಗೆ ತಿದ್ದಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ, ಮುಂದಿನ ತಿಂಗಳು ಮತ್ತೆ ಮೊದಲಿನಿಂದ ಹುಡುಕಬೇಕು.

ಈಗ ಭಾರತ್‌ನೆಟ್ ಎಂದು ಕರೆಯುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ, ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ಎಳೆಯಲಿಕ್ಕೆ. ಆದರೆ ಮನೆಯೊಳಗಿನ ಕೊನೆಯ ಹತ್ತು ಮಾರು ನಮ್ಮದೇ ಜವಾಬ್ದಾರಿ. ನಿಮ್ಮ ಕಂಪ್ಯೂಟರಿಗೆ ಐದು ವರ್ಷ ದಾಟಿದ್ದರೆ, ಮಕ್ಕಳ ಅರ್ಜಿಯ ದಿನಗಳು ಬರುವ ಮೊದಲೇ ಮದರ್‌ಬೋರ್ಡಿನ ಆ ಸೆಲ್ ಬದಲಿಸಿಬಿಡಿ.